ಕಾಡಿನ ಹಕ್ಕುಗಳಿಗೆ ಅರ್ಜಿ ಹಾಕುವ ಮುಂಚೆ: ತಾಳವಾಡಿ, ಆಸನೂರು, ಬರ್ಗೂರು ಕಡೆಯವರಿಗೆ

"ಇದು ಟೈಗರ್ ರಿಸರ್ವ್, ಇಲ್ಲಿ ಹಕ್ಕು ಗಿಕ್ಕು ಏನೂ ಇಲ್ಲ." ಈ ಮಾತು ಕೇಳದ ಸೋಲಿಗ ಬುಡಕಟ್ಟಿನವರ ಪೋಡು (ಕಾಡಿನ ಸಣ್ಣ ಊರು) ನಮ್ಮ ಕಡೆ, ಅಂದರೆ ತಮಿಳುನಾಡಿನ ಈರೋಡು ಜಿಲ್ಲೆಯ ಬೆಟ್ಟಗಳಲ್ಲಿ, ಸಿಗುವುದು ಕಷ್ಟ. ಆದರೆ ಮಾತು ತಪ್ಪು. ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಗಿದ್ದು ನಿಜ. ಆದರೆ ಕಾಡಿನಲ್ಲಿ ಬದುಕುವವರಿಗೆ ಜಮೀನು ಮತ್ತು ಕಾಡಿನ ಬಳಕೆಯ ಹಕ್ಕು ಕೊಡುವ 2006ರ ಅರಣ್ಯ ಹಕ್ಕು ಕಾಯ್ದೆ, ಅರಣ್ಯ ಭೂಮಿ ಅಂದರೆ ಯಾವುದು ಎಂದು ಹೇಳುವಾಗಲೇ ಅಭಯಾರಣ್ಯವನ್ನೂ ರಾಷ್ಟ್ರೀಯ ಉದ್ಯಾನವನ್ನೂ ಹೆಸರು ಹಿಡಿದು ಸೇರಿಸಿದೆ. ಗಡಿಯ ಆಚೆ, ಬಿಳಿಗಿರಿರಂಗನ ಬೆಟ್ಟದಲ್ಲಿ, 2011ರಲ್ಲಿ ಸೋಲಿಗರಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿದ್ದು ಹುಲಿ ಕಾಡಿನ ಒಳಗೇ. ಅದೇ ಜನ, ಅದೇ ಕಾಡಿನ ಮುಂದುವರಿಕೆ, ಕಾಯ್ದೆಯೂ ಒಂದೇ. ನಡುವೆ ಇರುವುದು ರಾಜ್ಯದ ಗಡಿ ಅಷ್ಟೇ.

ತಮಿಳುನಾಡಿನಲ್ಲಿ ತಡ ಆಗಿದ್ದಕ್ಕೆ ಬೇರೆ ಕಾರಣವೂ ಇತ್ತು. 2008ರಲ್ಲಿ ಮದ್ರಾಸ್ ಹೈಕೋರ್ಟು, ತನ್ನನ್ನು ಕೇಳದೆ ಹಕ್ಕುಪತ್ರ ಕೊಡಬೇಡಿ ಎಂದು ಮಧ್ಯಂತರ ಆದೇಶ ಕೊಟ್ಟಿತ್ತು. ಅದನ್ನು ಸುಪ್ರೀಂ ಕೋರ್ಟು 2016ರಲ್ಲಿ ತೆಗೆದುಹಾಕಿತು. ಹಾಗಾಗಿ "ಕೋರ್ಟ್ ತಡೆ ಇದೆ" ಎಂದು ಈಗ ಯಾರಾದರೂ ಹೇಳಿದರೆ ನಂಬಬೇಡಿ. ಆದೇಶದ ನಕಲು ಕೊಡಿ ಎಂದು ಕೇಳಿ.

ಈ ಬರಹದ ಉದ್ದಕ್ಕೂ ನಾನು ಹೇಳುವುದು ಮುಖ್ಯವಾಗಿ ಇದನ್ನೇ: ಬಾಯಿಮಾತಿನಲ್ಲಿ ಏನನ್ನೂ ಕೊಡಬೇಡಿ, ಬಾಯಿಮಾತಿನ "ಆಗಲ್ಲ"ವನ್ನು ಒಪ್ಪಬೇಡಿ. ನಾನು ನೋಡಿದ ಮಟ್ಟಿಗೆ, ನಮ್ಮ ಕಡೆಯ ಅರ್ಜಿಗಳು ವಿಚಾರಣೆಯಲ್ಲಿ ಸೋಲುವುದಕ್ಕಿಂತ ಜಾಸ್ತಿ, ಯಾರದೋ ಮೇಜಿನ ಮೇಲೆ ರಸೀದಿ ಇಲ್ಲದೆ ಕಾಣೆಯಾಗುತ್ತವೆ.

ಯಾರು ಹಾಕಬಹುದು

ಎಸ್‌ಟಿ ಪಟ್ಟಿಯಲ್ಲಿ ಇರುವವರು, ಅಂದರೆ ನಮ್ಮ ಕಡೆ ಸೋಲಿಗರು ಮತ್ತು ಊರಾಳಿಗಳು, 2005ರ ಡಿಸೆಂಬರ್ 13ಕ್ಕಿಂತ ಮುಂಚಿನಿಂದ ಆ ಜಾಗದಲ್ಲಿ ಇದ್ದೇವೆ ಅಥವಾ ಉಳುತ್ತಿದ್ದೇವೆ ಎಂದು ತೋರಿಸಿದರೆ ಸಾಕು. ಈ ತಾರೀಕನ್ನು ಮನೆಯ ಎಲ್ಲರಿಗೂ ಬಾಯಿಪಾಠ ಮಾಡಿಸಿ, ಇಡೀ ಕಾಯ್ದೆ ಇದರ ಸುತ್ತ ತಿರುಗುತ್ತದೆ. ಜಾತಿ ಸರ್ಟಿಫಿಕೇಟ್ ಇಲ್ಲದವರು ಈಗಲೇ ಅದಕ್ಕೂ ಓಡಾಡಿ. ತಮಿಳುನಾಡಿನಲ್ಲಿ ಎಸ್‌ಟಿ ಸರ್ಟಿಫಿಕೇಟ್ ಕೊಡುವವರು ತಹಸೀಲ್ದಾರರಲ್ಲ, ಕಂದಾಯ ವಿಭಾಗದ ಅಧಿಕಾರಿ, ಅಂದರೆ ಆರ್‌ಡಿಒ. ಪಟ್ಟಿಯಲ್ಲಿ ಸೋಲಿಗರ ಹೆಸರು 'ಷೋಳಗ' ಎಂದಿದೆ. ರೇಷನ್ ಕಾರ್ಡ್, ಶಾಲೆ ದಾಖಲೆ, ಸರ್ಟಿಫಿಕೇಟ್ ಎಲ್ಲದರಲ್ಲೂ ಒಂದೇ ಥರ ಇರುವ ಹಾಗೆ ನೋಡಿಕೊಳ್ಳಿ.

ಎಸ್‌ಟಿ ಅಲ್ಲದವರಿಗೂ ದಾರಿ ಇದೆ. ಬರ್ಗೂರು ಬೆಟ್ಟದಲ್ಲಿ ದನ ಸಾಕುವ ಲಿಂಗಾಯತರು, ಕಾಡಂಚಿನ ದಲಿತ ಕುಟುಂಬಗಳು, ಎಸ್‌ಟಿ ಪಟ್ಟಿಗೆ ಸೇರಿಸಿ ಎಂದು ತುಂಬಾ ವರ್ಷಗಳಿಂದ ಕೇಳುತ್ತಿರುವ ಮಲೆಯಾಳಿಗಳು (ಕೇರಳದವರಲ್ಲ, ಇಲ್ಲಿನ ಬೆಟ್ಟದ ಜನ), ಇವರೆಲ್ಲ 'ಇತರೆ ಪಾರಂಪರಿಕ ಅರಣ್ಯವಾಸಿ' ಎಂಬ ಲೆಕ್ಕದಲ್ಲಿ ಅರ್ಜಿ ಹಾಕಬಹುದು. ಇವರು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿ ವಾಸ ಇದ್ದು ಕಾಡನ್ನೇ ನಂಬಿ ಬದುಕಿದ್ದಾರೆ ಎಂದು ತೋರಿಸಬೇಕು. 75 ವರ್ಷ ಬೇಕಾಗಿರುವುದು ವಾಸಕ್ಕೆ. ಈಗ ಉಳುತ್ತಿರುವ ಅದೇ ತುಂಡು ಜಮೀನನ್ನು 75 ವರ್ಷದಿಂದ ಉತ್ತಿರಬೇಕು ಅಂತ ಅಲ್ಲ. ಇದನ್ನು ಅಧಿಕಾರಿಗಳೇ ಕಲಸಿ ಹೇಳುತ್ತಾರೆ, ಹುಷಾರು.

ಮೂರು ಫಾರಂ, ಜನ ತುಂಬುವುದು ಒಂದೇ

ಫಾರಂ ಎ ಒಂದು ಮನೆಯ ಉಳುಮೆ ಮತ್ತು ವಾಸದ ಜಾಗಕ್ಕೆ. ಉಳುತ್ತಿರುವಷ್ಟೇ ಸಿಗುತ್ತದೆ, ಹೆಚ್ಚೆಂದರೆ 4 ಹೆಕ್ಟೇರ್, ಹತ್ತಿರ ಹತ್ತಿರ ಹತ್ತು ಎಕರೆ. ಫಾರಂ ಬಿ ಇಡೀ ಊರಿನ ಬಳಕೆಯ ಹಕ್ಕುಗಳಿಗೆ: ಜೇನು, ಸೀಮಾರು (ಪೊರಕೆ) ಹುಲ್ಲು, ನೆಲ್ಲಿಕಾಯಿ, ಕಲ್ಲುಹೂ, ಸೀಗೆ, ಗೆಡ್ಡೆಗೆಣಸು, ಮೇವು, ಮೀನು, ನೀರು. ಫಾರಂ ಸಿ ಇನ್ನೂ ದೊಡ್ಡದು. ನಿಮ್ಮ ಊರು ಹಿಂದಿನಿಂದ ಬಳಸಿ ಕಾಪಾಡಿಕೊಂಡು ಬಂದ ಇಡೀ ಕಾಡನ್ನು ನೋಡಿಕೊಳ್ಳುವ, ನಿರ್ವಹಿಸುವ ಹಕ್ಕು ಅದರಲ್ಲಿ ಬರುತ್ತದೆ.

ಜನ ಫಾರಂ ಎ ಹಿಂದೆ ಓಡುತ್ತಾರೆ. ಪಟ್ಟಾ ಸಿಗುತ್ತದೆ ಅಂದರೆ ಯಾರಿಗೆ ಆಸೆ ಇಲ್ಲ? ತಪ್ಪಲ್ಲ. ಆದರೆ ನನ್ನನ್ನು ಕೇಳಿದರೆ ಬಿ ಮತ್ತು ಸಿ ಫಾರಂಗಳನ್ನು ಎ ಜೊತೆಗೇ ಹಾಕಿ, ಸಾಧ್ಯವಾದರೆ ಮೊದಲೇ ಹಾಕಿ. ಎರಡು ಎಕರೆ ರಾಗಿ ಹೊಲಕ್ಕೆ ಹಕ್ಕುಪತ್ರ ಬಂದು, ಹೊಲದ ಬೇಲಿ ದಾಟಿದರೆ ಕೇಸು ಅನ್ನುವ ಹಾಗಾದರೆ ಸೋಲಿಗರ ಬದುಕು ನಡೆಯುವುದಿಲ್ಲ. ವರ್ಷದಲ್ಲಿ ಕೈಗೆ ಬರುವ ದುಡ್ಡಿನಲ್ಲಿ ಜೇನು ಎಷ್ಟು, ಸೀಮಾರು ಎಷ್ಟು ಅಂತ ನೀವೇ ಲೆಕ್ಕ ಹಾಕಿ ನೋಡಿ. ಕಾಯ್ದೆಯ ಪ್ರಕಾರ ಜೇನು, ಮೇಣ, ಬಿದಿರು, ಔಷಧಿ ಗಿಡ, ಗೆಡ್ಡೆ ಎಲ್ಲ ಕಿರು ಅರಣ್ಯ ಉತ್ಪನ್ನ. ಅದರ ಒಡೆತನ ನಿಮ್ಮದು, ಮಾರುವ ಹಕ್ಕೂ ನಿಮ್ಮದು. 2012ರ ತಿದ್ದುಪಡಿಯಾದ ನಿಯಮದಂತೆ ಅದಕ್ಕೆ ರಾಯಲ್ಟಿ, ಶುಲ್ಕ ಏನೂ ಹಾಕುವ ಹಾಗಿಲ್ಲ. ಬೇಟೆ ಮಾತ್ರ ಈ ಹಕ್ಕಿನಲ್ಲಿ ಇಲ್ಲ, ಅದನ್ನು ಅರ್ಜಿಯಲ್ಲಿ ಬರೆಯಲು ಹೋಗಬೇಡಿ.

ಬರ್ಗೂರಿನವರಿಗೆ ಫಾರಂ ಬಿ ಇನ್ನೂ ತುರ್ತಿನದು. ಕಾಡಿನಲ್ಲಿ ದನ ಮೇಯಿಸಬಾರದು ಎಂದು 2022ರಲ್ಲಿ ಮದ್ರಾಸ್ ಹೈಕೋರ್ಟು ಹೇಳಿತು. ಆಮೇಲೆ ಆ ತಡೆಯನ್ನು ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಮತ್ತು ಹುಲಿ ಕಾಡುಗಳಿಗೆ ಸೀಮಿತ ಮಾಡಿತು. 2024ರಲ್ಲಿ ಅಂದಿಯೂರು ಕಡೆಯ ಕಾಡು ತಂದೈ ಪೆರಿಯಾರ್ ಅಭಯಾರಣ್ಯ ಆಯಿತು. ಎರಡನ್ನೂ ಸೇರಿಸಿ ಓದಿದರೆ ಬರ್ಗೂರು ತಳಿಯ ದನಗಳ ಗತಿ ಏನು ಅಂತ ಯಾರಿಗಾದರೂ ಅರ್ಥವಾಗುತ್ತದೆ. ದನ ಮೇಯಿಸುವ ಹಕ್ಕು ಇದೇ ಕಾಯ್ದೆಯಲ್ಲಿ ಬರೆದಿದೆ. ಅದನ್ನು ಕೇಳಿ ಅರ್ಜಿ ಹಾಕಿ, ರಸೀದಿ ಕೈಯಲ್ಲಿ ಇಟ್ಟುಕೊಂಡರೆ ಮಾತಾಡಲು ಒಂದು ನೆಲೆ ಇರುತ್ತದೆ. ಹಾಕದೇ ಇದ್ದರೆ ಏನೂ ಇಲ್ಲ.

ಗ್ರಾಮ ಸಭೆ: ಇಲ್ಲಿ ಅವಸರ ಮಾಡಬೇಡಿ

ಅರ್ಜಿ ಶುರುವಾಗುವುದು ಗ್ರಾಮ ಸಭೆಯಲ್ಲಿ, ರೇಂಜರ್ ಆಫೀಸಿನಲ್ಲಿ ಅಲ್ಲ. ನಮ್ಮ ಕಡೆ ಒಂದು ಪಂಚಾಯ್ತಿಗೆ ಹತ್ತಾರು ಊರು. ಆಗಸ್ಟ್ 15ಕ್ಕೋ ಅಕ್ಟೋಬರ್ 2ಕ್ಕೋ ನಡೆಯುವ ಪಂಚಾಯ್ತಿ ಗ್ರಾಮ ಸಭೆಯಲ್ಲಿ ಪೋಡಿನವರು ಹಿಂದೆ ನಿಂತಿರುತ್ತಾರೆ, ಲೈಟು ರಸ್ತೆ ಮಾತಾಡಿ ಮುಗಿಯುತ್ತದೆ. ಈ ಕಾಯ್ದೆಗೆ ಬೇಕಾದ ಗ್ರಾಮ ಸಭೆ ಅದಲ್ಲ. ಕಾಡಿನೊಳಗಿನ ಹಳೆಯ ವಸತಿ, ಸರ್ವೆ ಆಗದ ಊರು, ಫಾರೆಸ್ಟ್ ಸೆಟಲ್‌ಮೆಂಟ್, ಇವನ್ನೂ ಕಾಯ್ದೆ 'ಗ್ರಾಮ' ಎಂದೇ ಕರೆಯುತ್ತದೆ. ಆದ್ದರಿಂದ ನಿಮ್ಮ ಪೋಡಿಗೇ ಒಂದು ಗ್ರಾಮ ಸಭೆ ಕೇಳಿ. ಸಭೆ ಕರೆಯಬೇಕಾದ್ದು ಪಂಚಾಯ್ತಿ. ಹಾಗಾಗಿ ಪಂಚಾಯ್ತಿ ಸೆಕ್ರೆಟರಿಗೆ ಒಂದು ಪತ್ರ, ಬ್ಲಾಕ್ ಅಧಿಕಾರಿ ಬಿಡಿಒಗೆ ನಕಲು, ಗೋಬಿಚೆಟ್ಟಿಪಾಳ್ಯದ (ಗೋಬಿ) ಆರ್‌ಡಿಒಗೆ ಇನ್ನೊಂದು ನಕಲು. ಮೂರಕ್ಕೂ ಸೀಲು ಹಾಕಿಸಿಕೊಳ್ಳಿ. ಕೈಯಲ್ಲಿ ಕೊಟ್ಟರೆ ಸೀಲು ಹಾಕುವುದಿಲ್ಲ ಅಂದರೆ ಸ್ಪೀಡ್ ಪೋಸ್ಟು ಮಾಡಿ.

ಸಭೆಗೆ ಊರಿನ ವಯಸ್ಕರಲ್ಲಿ ಅರ್ಧಕ್ಕೆ ಕಡಿಮೆ ಇಲ್ಲದಷ್ಟು ಜನ ಇರಬೇಕು. 60 ಜನ ವಯಸ್ಕರಿರುವ ಪೋಡಾದರೆ 30. ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರಲೇಬೇಕು. ಕೂಲಿಗೆ ಹೋದವರೆಲ್ಲ ವಾಪಸ್ ಬರುವ ದಿನ ನೋಡಿ ಸಭೆ ಇಡಿ. ಕೋರಂ ಇಲ್ಲದ ಸಭೆಯ ನಿರ್ಣಯವನ್ನು ಹೊಡೆದುಹಾಕುವುದು ಬಹಳ ಸುಲಭ. ಮೊದಲ ಸಭೆಯಲ್ಲೇ ಅರಣ್ಯ ಹಕ್ಕು ಸಮಿತಿ ಆರಿಸಿ: 10ರಿಂದ 15 ಜನ, ಅದರಲ್ಲಿ ಮೂರನೇ ಎರಡು ಭಾಗ ಎಸ್‌ಟಿ, ಮೂರನೇ ಒಂದು ಭಾಗ ಹೆಂಗಸರು. ಓದು ಬರಹ ಬರುವ ಹುಡುಗ ಹುಡುಗಿಯರನ್ನು ಸೆಕ್ರೆಟರಿ ಮಾಡಿ. ಹಿರಿಯರು ಜಾಗ ತೋರಿಸಲಿ, ಚಿಕ್ಕವರು ಬರೆಯಲಿ.

ನಿರ್ಣಯ ಯಾವ ಭಾಷೆಯಲ್ಲಿ? ಸಭೆಯಲ್ಲಿ ಆಡಿದ ಭಾಷೆಯಲ್ಲಿ. ನಮ್ಮ ಕಡೆ ಅದು ಕನ್ನಡ. ಅಹವಾಲನ್ನು ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಂಬಂಧಪಟ್ಟ ಅಧಿಕಾರಿಗೆ ಕೊಡಬಹುದು ಎಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. "ತಮಿಳಲ್ಲಿ ಬರೆದು ತನ್ನಿ" ಎಂದು ತಿರುಗಿಸಿ ಕಳಿಸುವ ಹಾಗಿಲ್ಲ. ಆದರೂ ನನ್ನ ಸಲಹೆ, ಕನ್ನಡ ಮೂಲದ ಜೊತೆ ಒಂದು ತಮಿಳು ಪ್ರತಿಯನ್ನೂ ಇಡಿ. ಫೈಲು ಓದುವ ಗುಮಾಸ್ತರಿಗೆ ಕನ್ನಡ ಬಾರದಿದ್ದರೆ ಅದು ಕೆಳಗೆ ಬಿದ್ದಿರುತ್ತದೆ, ಹಕ್ಕಿನ ಮಾತು ಬೇರೆ, ಕೆಲಸ ಆಗುವ ಮಾತು ಬೇರೆ ಅಲ್ವಾ? ತಾಳವಾಡಿಯಲ್ಲಿ ಎರಡೂ ಬರೆಯುವ ಮಕ್ಕಳಿಗೆ ಬರವಿಲ್ಲ.

ಸಾಕ್ಷಿ ಎಲ್ಲಿಂದ ತರುವುದು

ಕನಿಷ್ಠ ಎರಡು ಸಾಕ್ಷಿ ಬೇಕು. ಜನ ಇಲ್ಲಿ ಹೆದರುತ್ತಾರೆ, ನಮ್ಮ ಹತ್ತಿರ ಕಾಗದ ಎಲ್ಲಿದೆ ಅಂತ. ಕಾಗದವೇ ಆಗಬೇಕು ಅಂತ ಇಲ್ಲ. ಇಂಥದ್ದೇ ದಾಖಲೆ ತನ್ನಿ ಎಂದು ಒತ್ತಾಯ ಮಾಡುವ ಹಾಗಿಲ್ಲ ಎಂದು ನಿಯಮದಲ್ಲೇ ಇದೆ.

ವೋಟರ್ ಐಡಿ, ರೇಷನ್ ಕಾರ್ಡ್, ಮನೆ ತೆರಿಗೆ ರಸೀದಿ ಇದ್ದರೆ ಸರಿ. ಇಲ್ಲದಿದ್ದರೆ ಹೊಲದ ಬದು, ಸಮ ಮಾಡಿದ ನೆಲ, ಹಳೆಯ ಬಾವಿ, ಮನೆಯ ತಳಪಾಯ, ಹಿರಿಯರನ್ನು ಮಣ್ಣು ಮಾಡಿದ ಜಾಗ ಎಲ್ಲ ಸಾಕ್ಷಿ. ಫೋಟೊ ತೆಗೆದು, ಅದರಲ್ಲಿ ಯಾರು ಯಾವ ಜಾಗದಲ್ಲಿ ನಿಂತಿದ್ದಾರೆ ಎಂದು ಹಿಂದೆ ಬರೆಯಿರಿ. ಹಿರಿಯರ ಹೇಳಿಕೆಯೂ ಸಾಕ್ಷಿಯೇ. ಆದರೆ ಅರ್ಜಿ ಹಾಕಿದವರೇ ತಮಗೆ ತಾವು ಹೇಳಿಕೆ ಕೊಡುವಂತಿಲ್ಲ. ಬೇರೆ ಮನೆಯ ಅಜ್ಜ ಅಜ್ಜಿಯರ ಹತ್ತಿರ ಕೇಳಿ, ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆದು, ಹೆಬ್ಬೆಟ್ಟು ಹಾಕಿಸಿ.

ಇನ್ನೊಂದು ಇದೆ, ಹೇಳಿದರೆ ನಗು ಬರುತ್ತದೆ. ಕಾಡಿಗೆ ದನ ಬಿಟ್ಟಿದ್ದಕ್ಕೆ, ಒತ್ತುವರಿ ಮಾಡಿದ್ದಕ್ಕೆ ಅಂತ ಹಿಂದೆ ಫಾರೆಸ್ಟ್‌ನವರು ಹಾಕಿದ ದಂಡದ ರಸೀದಿ ಮನೆಯಲ್ಲಿ ಇದ್ದರೆ ಹರಿದು ಹಾಕಬೇಡಿ. 2005ಕ್ಕೆ ಮುಂಚಿನ ತಾರೀಕಿದ್ದರೆ ನೀವು ಆಗಲೇ ಅಲ್ಲಿ ಇದ್ದಿರಿ ಎಂದು ಸರ್ಕಾರವೇ ಬರೆದುಕೊಟ್ಟ ಹಾಗಾಯಿತು. ದಂಡದ ರಸೀದಿ ಅಥವಾ ಒತ್ತುವರಿದಾರರ ಪಟ್ಟಿಯನ್ನೇ ಕಾರಣ ಮಾಡಿ ಅರ್ಜಿ ತಳ್ಳಿಹಾಕುವಂತಿಲ್ಲ ಎಂದೂ ನಿಯಮ ಹೇಳುತ್ತದೆ. ಉಪಗ್ರಹ ಚಿತ್ರವೂ ಹಾಗೇ, ಜೊತೆಗೆ ನೋಡಬಹುದು, ಉಳಿದ ಸಾಕ್ಷಿಯ ಬದಲಿಗೆ ಅಲ್ಲ.

ಫಾರಂ ಸಿಗೆ ನಕ್ಷೆ ಬೇಕು. ಸೋಲಿಗರಿಗೆ ಇದು ಕಷ್ಟವಲ್ಲ, ನಕ್ಷೆ ತಲೆಯಲ್ಲೇ ಇದೆ. ಪ್ರತಿ ಕುಲಕ್ಕೂ ಅದರ ಎಲ್ಲೆ ಉಂಟು, ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು (ಭೂತ), ಕಲ್ಲುಗುಡಿ (ಸಮಾಧಿ ಕಲ್ಲು), ಅಬ್ಬಿ (ನೀರಿನ ಸೆಲೆ) ಉಂಟು. ಹಿರಿಯರ ಜೊತೆ ಒಂದೊಂದಕ್ಕೂ ನಡೆದು ಹೋಗಿ, ಫೋನಿನ ಜಿಪಿಎಸ್‌ನಲ್ಲಿ ಜಾಗ ಗುರುತು ಮಾಡಿ, ಹೆಸರು ಬರೆದುಕೊಳ್ಳಿ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಇಂಥ ಪವಿತ್ರ ಜಾಗಗಳ ನಕ್ಷೆ ಮಾಡಿದ್ದಾರೆ. ಜೇನುಮರ, ಗೆಡ್ಡೆ ತೆಗೆಯುವ ಜಾಗ, ದನ ಮೇಯುವ ಜಾಗ, ನೀರಿನ ಗುಂಡಿ, ಮದ್ದಿನ ಗಿಡ ಸಿಗುವ ಜಾಗ ಯಾವುದನ್ನೂ ಬಿಡಬೇಡಿ. ಪಕ್ಕದ ಪೋಡಿನ ಎಲ್ಲೆ ಮೇಲೆ ಹತ್ತಿದರೆ ಎರಡೂ ಪೋಡಿನವರು ಕೂತು ಮಾತಾಡಿ ಬರೆದುಕೊಳ್ಳಿ, ಮೇಲಿನವರ ತನಕ ಜಗಳ ಒಯ್ಯಬೇಡಿ. ಸರ್ಕಾರದ ಅರಣ್ಯ ನಕ್ಷೆ, ಕಂದಾಯ ನಕ್ಷೆ, ವೋಟರ್ ಪಟ್ಟಿ ಬೇಕಿದ್ದರೆ ಆರ್‌ಡಿಒ ಅಧ್ಯಕ್ಷತೆಯ ಉಪವಿಭಾಗ ಸಮಿತಿ ಕೊಡಬೇಕು, ಅದು ಅವರ ಕರ್ತವ್ಯ. ಫಾರಂ ಕೂಡ ಪುಕ್ಕಟೆ. ಫಾರಂಗೆ ಇಷ್ಟು, ತುಂಬಿಸಲು ಇಷ್ಟು ಅಂತ ದುಡ್ಡು ಕೇಳುವ ಬ್ರೋಕರ್‌ಗಳನ್ನು ಬಾಗಿಲಿನಿಂದಲೇ ಕಳಿಸಿ.

ಜಾಗ ಪರಿಶೀಲನೆ

ಅರ್ಜಿ ಪಡೆದ ಅರಣ್ಯ ಹಕ್ಕು ಸಮಿತಿ ಜಾಗ ನೋಡಲು ದಿನ ಗೊತ್ತು ಮಾಡಿ, ಅರ್ಜಿದಾರರಿಗೂ ಫಾರೆಸ್ಟ್ ಮತ್ತು ರೆವಿನ್ಯೂ ಇಲಾಖೆಗೂ ಬರಹದಲ್ಲಿ ತಿಳಿಸಬೇಕು. ಅವರು ಬಂದು, ನೋಡಿ, ಹೆಸರು ಹುದ್ದೆ ತಾರೀಕು ಬರೆದು ಸಹಿ ಹಾಕಬೇಕು. ಆಕ್ಷೇಪ ಇದ್ದರೆ ಅಲ್ಲೇ ಬರೆಯಲಿ. ಸಹಿ ಹಾಕದೆ ಸುಮ್ನೆ ನೋಡಿ ಹೋಗಲು ಬಿಡಬೇಡಿ.

ಬರಲೇ ಇಲ್ಲ ಅಂದರೆ? ಕೆಲಸ ನಿಲ್ಲಿಸಬೇಡಿ. ಆಮೇಲೆ "ನಾವು ಇರಲಿಲ್ಲ" ಎಂದು ತಕರಾರು ತೆಗೆದರೆ ಒಂದು ಸಲ ಮತ್ತೆ ಪರಿಶೀಲನೆಗೆ ಬರುತ್ತದೆ. ಎರಡನೇ ಸಲವೂ ಬರದಿದ್ದರೆ ಗ್ರಾಮ ಸಭೆ ಹೇಳಿದ್ದೇ ಕೊನೆ. ಇದಕ್ಕೇ ನಾನು ಪತ್ರ ತಲುಪಿದ ರಸೀದಿ ರಸೀದಿ ಎಂದು ಬಾಯಿ ಬಡಿದುಕೊಳ್ಳುವುದು. ಅದು ಇಲ್ಲದಿದ್ದರೆ ನಮಗೆ ಹೇಳಲೇ ಇಲ್ಲ ಅನ್ನುತ್ತಾರೆ. ಸಮಿತಿಯಲ್ಲಿ ಇರುವವರ ಸ್ವಂತ ಅರ್ಜಿ ಬಂದಾಗ ಅವರು ಆ ಪರಿಶೀಲನೆಯಿಂದ ಹೊರಗೆ ಕೂರಬೇಕು, ಅದನ್ನೂ ನಡಾವಳಿಯಲ್ಲಿ ಬರೆಯಿರಿ.

ಆಮೇಲೆ ಗ್ರಾಮ ಸಭೆ ಮತ್ತೆ ಸೇರಿ, ಅರ್ಜಿ ಹಾಕಿದವರಲ್ಲಿ ಅರ್ಧ ಜನವಾದರೂ ಇದ್ದು, ನಿರ್ಣಯ ಮಾಡಿ ಗೋಬಿಗೆ ಕಳಿಸಬೇಕು. ಅಲ್ಲಿಂದ ಕಲೆಕ್ಟರ್ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ. ಕಳಿಸುವ ಮುಂಚೆ ಇಡೀ ಕಟ್ಟನ್ನು ಪುಟ ಪುಟ ಫೋಟೊ ತೆಗೆದು ಇಬ್ಬರು ಮೂವರ ಫೋನಿನಲ್ಲಿ ಇಡಿ. ದಿಂಬಂ ಘಾಟಿಯ 27 ತಿರುವು ಇಳಿದು ಈರೋಡಿಗೆ ಹೋಗಿ "ಫೈಲು ಸಿಗುತ್ತಿಲ್ಲ" ಅನ್ನಿಸಿಕೊಂಡು ಬರುವುದು ಯಾರಿಗೂ ಬೇಡ.

ತಿರಸ್ಕಾರ ಆದರೆ

ಮೊದಲು ಬರಹದಲ್ಲಿ ಕಾರಣ ಕೇಳಿ. ಕಾರಣ ವಿವರವಾಗಿ ಬರೆಯಬೇಕು, ಸಣ್ಣಪುಟ್ಟ ತಾಂತ್ರಿಕ ಕಾರಣಕ್ಕೆ ತಿರಸ್ಕರಿಸುವಂತಿಲ್ಲ. ಸಾಕ್ಷಿ ಸಾಲದು ಅನ್ನಿಸಿದರೆ ಮೇಲಿನ ಸಮಿತಿ ಅದನ್ನು ಗ್ರಾಮ ಸಭೆಗೆ ವಾಪಸ್ ಕಳಿಸಬೇಕು, ತಾನೇ ಕತ್ತರಿ ಹಾಕುವಂತಿಲ್ಲ. ಗ್ರಾಮ ಸಭೆ ನಿರ್ಣಯದ ಮೇಲೆ ತಕರಾರಿದ್ದರೆ 60 ದಿನದೊಳಗೆ ಉಪವಿಭಾಗ ಸಮಿತಿಗೆ, ಅವರ ತೀರ್ಮಾನದ ಮೇಲೆ 60 ದಿನದೊಳಗೆ ಜಿಲ್ಲಾ ಸಮಿತಿಗೆ ಮೇಲ್ಮನವಿ. ನಿಮ್ಮ ಮಾತು ಕೇಳದೆ ನಿಮ್ಮ ವಿರುದ್ಧ ತೀರ್ಮಾನ ಮಾಡುವ ಹಾಗಿಲ್ಲ. ಜಿಲ್ಲಾ ಸಮಿತಿಯೂ ಇಲ್ಲ ಅಂದರೆ ಹೈಕೋರ್ಟು.

ಈ ಕಾಗದದ ಬೆಲೆ ಏನೆಂದು 2019ರಲ್ಲಿ ಗೊತ್ತಾಯಿತು. ಆ ವರ್ಷದ ಫೆಬ್ರವರಿ 13ರಂದು ಸುಪ್ರೀಂ ಕೋರ್ಟು, ಅರ್ಜಿ ತಿರಸ್ಕಾರ ಆದವರನ್ನು ಕಾಡಿನಿಂದ ಹೊರಗೆ ಕಳಿಸಿ ಎಂದಿತು. ದೇಶದಲ್ಲೆಲ್ಲ ಗದ್ದಲ ಎದ್ದು ಅದೇ ತಿಂಗಳು 28ಕ್ಕೆ ಆ ಆದೇಶಕ್ಕೆ ತಡೆ ಬಿತ್ತು. ಎಷ್ಟೋ ಜನರಿಗೆ ತಮ್ಮ ಅರ್ಜಿ ತಿರಸ್ಕಾರ ಆಗಿರುವುದೇ ಗೊತ್ತಿರಲಿಲ್ಲ.

ಅರ್ಜಿ ಎಲ್ಲಿದೆ ಅಂತ ಹೇಳದಿದ್ದರೆ 10 ರೂಪಾಯಿ ಶುಲ್ಕದ ಆರ್‌ಟಿಐ ಹಾಕಿ, 30 ದಿನದಲ್ಲಿ ಉತ್ತರ ಬರಬೇಕು. ಸೋಮವಾರ ಕಲೆಕ್ಟರ್ ಆಫೀಸಿನಲ್ಲಿ ಮನು (ಅಹವಾಲು) ಕೊಟ್ಟು ನಂಬರ್ ತೆಗೆದುಕೊಳ್ಳುವುದೂ ಒಂದು ದಾರಿ. ವಕೀಲರಿಗೆ ದುಡ್ಡಿಲ್ಲ ಎಂದು ಸುಮ್ಮನಾಗಬೇಡಿ. ಎಸ್‌ಟಿ, ಎಸ್‌ಸಿ ಜನರಿಗೆ ವರಮಾನ ಎಷ್ಟೇ ಇದ್ದರೂ ಕಾನೂನು ನೆರವು ಪುಕ್ಕಟೆ, 15100ಕ್ಕೆ ಫೋನ್ ಮಾಡಿ ಕೇಳಬಹುದು.

ಒಕ್ಕಲೆಬ್ಬಿಸಲು ಬಂದರೆ

ಅರ್ಜಿಯ ಪರಿಶೀಲನೆ ಮುಗಿಯುವ ತನಕ ಯಾರನ್ನೂ ಎಬ್ಬಿಸುವ ಹಾಗಿಲ್ಲ, ಅದು ಕಾಯ್ದೆಯ 4(5) ಕಲಂ. ಆ ಕಲಂ ಪ್ರಿಂಟ್ ಮಾಡಿ ಅರ್ಜಿಯ ರಸೀದಿಗೆ ಪಿನ್ ಹಾಕಿ ಮನೆಯಲ್ಲಿ ಇಡಿ. ಗುಡಿಸಲು ಕೀಳುವುದು, ಬೆಳೆ ಹಾಳು ಮಾಡುವುದು, ಜೇನು ಕೀಳಲು ಹೋದವರನ್ನು ತಡೆಯುವುದು ನಡೆದರೆ ತಾರೀಕು, ಹೊತ್ತು, ಗಾಡಿ ನಂಬರ್ ಬರೆದುಕೊಂಡು, ಫೋಟೊ ತೆಗೆದು ಪೊಲೀಸರಿಗೆ ದೂರು ಕೊಡಿ. ಎಸ್‌ಸಿ ಎಸ್‌ಟಿ ದೌರ್ಜನ್ಯ ತಡೆ ಕಾಯ್ದೆಗೆ 2016ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ಮೇಲೆ, ಜಮೀನಿನಿಂದ ಅನ್ಯಾಯವಾಗಿ ಹೊರಹಾಕುವುದು, ಅರಣ್ಯ ಹಕ್ಕು ಅನುಭವಿಸಲು ಅಡ್ಡಿ ಮಾಡುವುದು ಅಪರಾಧ. ದೂರಿನಲ್ಲಿ 3(1)(ಜಿ) ಕಲಂ ಎಂದು ನೀವೇ ಬರೆಯಿರಿ. ಸ್ಟೇಷನ್ನಿನಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಸ್ಪೀಡ್ ಪೋಸ್ಟು, ರಾಷ್ಟ್ರೀಯ ಬುಡಕಟ್ಟು ಆಯೋಗಕ್ಕೆ ಒಂದು ನಕಲು. ಸಂವಿಧಾನದ 338ಎ ವಿಧಿಯ ಕೆಳಗಿರುವ ಆಯೋಗ ಅದು, ಅಧಿಕಾರಿಗಳನ್ನು ಕರೆಸಿ ವಿಚಾರಿಸುವ ಅಧಿಕಾರ ಇದೆ. ಅರಣ್ಯ ಹಕ್ಕು ಕಾಯ್ದೆಯಲ್ಲೂ ತಪ್ಪು ಮಾಡಿದ ಅಧಿಕಾರಿಗೆ ದಂಡ ಇದೆ, ಎಷ್ಟು ಗೊತ್ತಾ, 1000 ರೂಪಾಯಿ ತನಕ. ಅದಕ್ಕೂ ಗ್ರಾಮ ಸಭೆ ರಾಜ್ಯ ಮಟ್ಟದ ಸಮಿತಿಗೆ 60 ದಿನದ ನೋಟಿಸ್ ಕೊಟ್ಟು ಕಾಯಬೇಕು. ಹಾಗಾಗಿ ದೌರ್ಜನ್ಯ ಕಾಯ್ದೆಯ ದಾರಿಯೇ ಮೇಲು.

ಗ್ರಾಮ ಸಭೆಯ ಬಲದ ಬಗ್ಗೆ ಅನುಮಾನ ಇರುವವರು ಒಡಿಶಾದ ನಿಯಮಗಿರಿಯನ್ನು ನೆನಪಿಡಿ. ಬಾಕ್ಸೈಟ್ ಗಣಿ ಬೇಕೋ ಬೇಡವೋ ಎನ್ನುವ ವಿಚಾರದಲ್ಲಿ ಗ್ರಾಮ ಸಭೆಗಳ ಮಾತು ಕೇಳಿ ಎಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿತು. ಡೋಂಗ್ರಿಯಾ ಕೊಂಧರ ಕಡೆಯ 12 ಸಭೆಗಳೂ ಬೇಡ ಎಂದವು, ಗಣಿ ಬರಲಿಲ್ಲ.

ಜೊತೆಗೆ ಯಾರಿದ್ದಾರೆ? ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಿಂದ ಇರುವ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರಕ್ಕೆ ಸೋಲಿಗರ ಪರಿಚಯ ಚೆನ್ನಾಗಿದೆ. ಕೋಟಗಿರಿಯ ಕೀಸ್ಟೋನ್ ಫೌಂಡೇಶನ್ ಜೇನು, ಕಾಡುತ್ಪನ್ನದ ವಿಷಯದಲ್ಲಿ ಬೆಟ್ಟದ ಜನರ ಜೊತೆ ಕೆಲಸ ಮಾಡುತ್ತದೆ. ಆದರೆ ಅವರಿಗಿಂತ ಮೊದಲು ಗಡಿ ದಾಟಿ, ಹಕ್ಕುಪತ್ರ ಪಡೆದ ನಿಮ್ಮ ನೆಂಟರ ಪೋಡಿಗೇ ಹೋಗಿ. ಹೆಣ್ಣು ಕೊಟ್ಟು ತಂದ ಸಂಬಂಧ ಇರುತ್ತದೆ. ಅವರ ಅರ್ಜಿಯ ನಕಲು ಕೇಳಿ ತನ್ನಿ, ಫಾರಂ ಒಂದೇ.

ಹಕ್ಕುಪತ್ರ ಬಂದ ದಿನ ಸಹಿ ಹಾಕುವ ಮುಂಚೆ ಪೂರ್ತಿ ಓದಿಸಿ. ಮನೆಯ ಹಕ್ಕುಪತ್ರದಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇರಬೇಕು. ಅಳತೆ, ಎಲ್ಲೆ ಸರಿ ಇದೆಯಾ ನೋಡಿ. ಸಮುದಾಯದ ಹಕ್ಕುಪತ್ರದಲ್ಲಿ "ಅರಣ್ಯ ಇಲಾಖೆಯ ಅನುಮತಿಗೆ ಒಳಪಟ್ಟು" ಎಂಬಂಥ ಸಾಲು ಸೇರಿಸಿದ್ದರೆ, ಗ್ರಾಮ ಸಭೆಯಲ್ಲಿ ಆಕ್ಷೇಪದ ನಿರ್ಣಯ ಮಾಡಿ ತಿದ್ದಿ ಕೊಡಿ ಎಂದು ಕಲೆಕ್ಟರ್‌ಗೆ ಬರೆಯಿರಿ. ಈ ಜಮೀನನ್ನು ಮಾರುವ ಹಾಗಿಲ್ಲ, ಅಡ ಇಡುವ ಹಾಗಿಲ್ಲ, ವಾರಸುದಾರರಿಗೆ ಮಾತ್ರ ಹೋಗುತ್ತದೆ. ನಿಮ್ಮೂರಿಗೆ ರೆಸಾರ್ಟ್ ಜಾಗ ಕೇಳಿಕೊಂಡು ಬರುವವರಿಗೆ ಇದನ್ನು ಮೊದಲೇ ಹೇಳಿಬಿಡಿ.